ಪೋಸ್ಟ್! – ಓದುಗರ ಪ್ರಶ್ನೆಗೆ ನಿವೃತ್ತ ಅಂಚೆಯವನ ಉತ್ತರ

(ಬಸವನಗುಡಿಯ ಬೀದಿಗಳಲ್ಲಿ 34 ವರ್ಷ ಕಾಗದ ಹಂಚಿದವರು ಈ ಅಂಕಣ ಬರೆಯುತ್ತಾರೆ. ಈ ಸಲ ಬಂದ ಪ್ರಶ್ನೆಗಳೆಲ್ಲ ಅಕ್ಕಪಕ್ಕದವರ ಬಗ್ಗೆ.)

ಪ್ರಶ್ನೆ: ನಾವು ಧಾರವಾಡದವರು. ಬೆಂಗಳೂರಿನಲ್ಲಿ ಮನೆ ಮಾಡಿ ಎಂಟು ತಿಂಗಳಾಯಿತು. ಎದುರು ಮನೆಯವರ ಹೆಸರೂ ಗೊತ್ತಿಲ್ಲ. ಊರಲ್ಲಿ ಓಣಿ ಪೂರ್ತಿ ನಮ್ಮ ಮನೆಯ ಹಾಗೇ ಇತ್ತು. ಬೀದಿಗೆ ಒಂದು ಸಂಘ ಕಟ್ಟೋಣ ಅಂತ ನಮ್ಮ ಯಜಮಾನರು ಹೊರಟಿದ್ದಾರೆ. ಹೇಗೆ ಶುರು ಮಾಡುವುದು?
– ಗೃಹಿಣಿ, ಉತ್ತರಹಳ್ಳಿ

ಉತ್ತರ: ಸಂಘ ಸದ್ಯಕ್ಕೆ ಬೇಡ ತಾಯಿ. ಸಂಘ ಅಂದ ತಕ್ಷಣ ಅಧ್ಯಕ್ಷರು ಯಾರು, ಖಜಾಂಚಿ ಯಾರು ಅಂತ ಶುರುವಾಗುತ್ತದೆ. ಹೆಸರೇ ಗೊತ್ತಿಲ್ಲದವರ ಜೊತೆ ಜಗಳ ಬೇಕಾ? ಮೊದಲು ಎದುರು ಮನೆಗೆ ಹೋಗಿ ಏನಾದರೂ ಕೇಳಿ. ಕೊಡೋದಕ್ಕೆ ಹೋಗಬೇಡಿ, ಕೇಳೋದಕ್ಕೆ ಹೋಗಿ. ಕಾವೇರಿ ನೀರು ಯಾವ ದಿನ ಬಿಡುತ್ತಾರೆ, ಒಳ್ಳೆ ಪ್ಲಂಬರ್ ಇದ್ದಾನಾ, ಒಂದು ಹಿಡಿ ಕರಿಬೇವು ಸಿಗುತ್ತಾ... ಏನಾದರೂ ಸರಿ. ಕೊಡಲು ಬಂದವರನ್ನು ಕಂಡರೆ ಜನಕ್ಕೆ ಸಂಕೋಚ, ಕೆಲವರಿಗೆ ಅನುಮಾನ. ಕೇಳಲು ಬಂದವರ ಮುಂದೆ ಯಾರೂ ಬಾಗಿಲು ಹಾಕುವುದಿಲ್ಲ. ಸಾವಿರಾರು ಬಾಗಿಲು ತಟ್ಟಿದವನು ಹೇಳುತ್ತಿದ್ದೇನೆ.

ನನಗೆ ಇದನ್ನು ಕಲಿಸಿದ್ದು ಗಾಂಧಿ ಬಜಾರಿನ ಹಿಂದಿದ್ದ ಒಂದು ವಠಾರ. ಏಳು ಮನೆ, ಒಂದೇ ನಲ್ಲಿ. ಮೂರನೇ ಮನೆಯಲ್ಲಿ ಒಬ್ಬರು ಅಜ್ಜಿ. ತಿಂಗಳ ಮೊದಲ ವಾರ ಮಗನಿಂದ ಮುನ್ನೂರು ರೂಪಾಯಿ ಮನಿ ಆರ್ಡರ್ ಬರುತ್ತಿತ್ತು. ಅಜ್ಜಿಗೆ ಓದು ಬರಹ ಇಲ್ಲ. ಹೆಬ್ಬೆಟ್ಟು ಒತ್ತಿಸಿಕೊಂಡರೆ ಪಕ್ಕದಲ್ಲಿ ಒಬ್ಬರ ಸಾಕ್ಷಿ ಸಹಿ ಬೇಕು. ಹತ್ತಿರದ ಮನೆಯವರನ್ನು ಕರೆಯಲು ಹೋದರೆ ಅಜ್ಜಿ ಬಿಡುತ್ತಿರಲಿಲ್ಲ. 'ಆ ಕೊನೇ ಮನೆಯವಳನ್ನ ಕರಿಯಪ್ಪ' ಅನ್ನುತ್ತಿದ್ದರು. ಮುಂದಿನ ತಿಂಗಳು ಇನ್ಯಾರೋ. ಏನಿದು ಅಂತ ಬಹಳ ದಿನ ಅರ್ಥವಾಗಲಿಲ್ಲ. ಆಮೇಲೆ ಗೊತ್ತಾಯಿತು, ಆ ತಿಂಗಳು ನಲ್ಲಿ ಹತ್ತಿರ ಯಾರ ಜೊತೆ ಜಗಳ ಆಗಿದೆಯೋ ಅವರನ್ನೇ ಅಜ್ಜಿ ಸಾಕ್ಷಿಗೆ ಕರೆಸುತ್ತಿದ್ದರು! ಆಕೆ ಸೆರಗಿಗೆ ಕೈ ಒರೆಸಿಕೊಂಡು ಬಂದು, ಮುಖ ಆ ಕಡೆ ತಿರುಗಿಸಿಕೊಂಡೇ ಸಹಿ ಹಾಕುವರು. ನಾನು ನೋಟು ಎಣಿಸಿ ಕೊಡುವಷ್ಟರಲ್ಲಿ 'ಎಷ್ಟು ಕಳಿಸಿದಾನೆ ಅಜ್ಜಿ?' ಅಂತ ಮಾತು ಶುರು. ನಾನು ಗೇಟು ದಾಟುವ ಹೊತ್ತಿಗೆ ಇಬ್ಬರೂ ಒಂದೇ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು.

ಇನ್ನೊಂದು ಮಾತು. ಹೊಸಬರು ಅಂತ ಹಿಂಜರಿಯಬೇಡಿ. ನಮ್ಮ ಬಸವನಗುಡಿಯವರು ಹಳೇ ಬಡಾವಣೆ ಅಂತ ಕಾಲರ್ ಎತ್ತುತ್ತಾರಲ್ಲ, ಈ ಬಡಾವಣೆ, ಆ ಕಡೆ ಮಲ್ಲೇಶ್ವರ, ಎರಡೂ ಬೆಳೆದದ್ದು 1898ರ ಪ್ಲೇಗಿನ ಕಾರಣದಿಂದ. ಪೇಟೆಯ ಇಕ್ಕಟ್ಟು ಬಿಟ್ಟು ಬಂದವರೇ ಇಲ್ಲಿ ಮನೆ ಕಟ್ಟಿದ್ದು. ಎಲ್ಲರೂ ಒಂದಲ್ಲ ಒಂದು ದಿನ ಹೊಸಬರೇ.

ಮತ್ತೆ ನಿಮ್ಮ ಕೈಯಲ್ಲಿ ನಮ್ಮಲ್ಲಿಲ್ಲದ ಒಂದು ಅಸ್ತ್ರ ಇದೆ. ಬನ್ನಿ ಎಲೆ! ನಮ್ಮ ಕಡೆ ಸಂಕ್ರಾಂತಿಗೆ ಎಳ್ಳು ಬೀರುತ್ತೇವೆ, ಅದೂ ಗೊತ್ತಿರುವ ಮನೆಗೆ ಮಾತ್ರ. ನೀವು ವಿಜಯದಶಮಿ ಸಂಜೆ ಬನ್ನಿ ಎಲೆ ಹಿಡಿದು 'ಬಂಗಾರ ತಗೊಂಡು ಬಂಗಾರದ್ಹಂಗ ಇರೋಣ' ಅಂತ ಯಾರ ಮನೆಗೆ ಬೇಕಾದರೂ ಹೋಗುತ್ತೀರಿ. ಎಲೆ ಕೊಟ್ಟು ಬಂಗಾರ ಅಂದರೆ ಇಲ್ಲಿಯವರು ಒಂದು ಕ್ಷಣ ಕಣ್ಣು ಕಣ್ಣು ಬಿಡುತ್ತಾರೆ. ಆಮೇಲೆ ಕೂರಿಸಿಕೊಂಡು ಕೇಳುತ್ತಾರೆ, ನೋಡಿ.

ಪ್ರಶ್ನೆ: ನಮ್ಮ ಗೇಟಿನ ಹತ್ತಿರ ಸೊಪ್ಪು ಮಾರುವ ಹೆಂಗಸಿನ ತಳ್ಳುಗಾಡಿ ನಿಲ್ಲುತ್ತದೆ. ಕಾರು ತಿರುಗಿಸಲು ತೊಂದರೆ. ಎತ್ತಿಸಬೇಕು ಅಂತ ಕೆಲವು ಸದಸ್ಯರ ಒತ್ತಾಯ. ಏನು ಮಾಡಲಿ?
– ಅಪಾರ್ಟ್‌ಮೆಂಟ್ ಕಾರ್ಯದರ್ಶಿ, ಜೆ.ಪಿ. ನಗರ

ಉತ್ತರ: ಕಾನೂನು ಮೊದಲು ಹೇಳಿಬಿಡುತ್ತೇನೆ. ಬೀದಿ ವ್ಯಾಪಾರಿಗಳಿಗೆ ಅಂತಲೇ 2014ರ ಕಾಯ್ದೆ ಇದೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವ ಹಾಗಿಲ್ಲ ಅಂತ ಅದರಲ್ಲಿದೆ. ಎಲ್ಲಿ ಮಾರಬಹುದು, ಎಲ್ಲಿ ಬಾರದು ಅನ್ನುವ ವಿಷಯ ಪಟ್ಟಣ ಮಾರಾಟ ಸಮಿತಿಗೆ ಹೋಗುತ್ತದೆ. ನಿಮ್ಮ ಮೀಟಿಂಗಿನಲ್ಲಿ ಕೈ ಎತ್ತಿದರೆ ಆಗುವ ಕೆಲಸ ಅದಲ್ಲ. ಕಾರು ತಿರುಗದಿದ್ದರೆ ಗಾಡಿಯನ್ನು ನಾಲ್ಕು ಅಡಿ ಆಚೆ ನಿಲ್ಲಿಸಮ್ಮ ಅನ್ನಿ. ನಿಲ್ಲಿಸುತ್ತಾರೆ. ಹೇಳಿಯೇ ಇರುವುದಿಲ್ಲ ನೀವು, ನನಗೆ ಗೊತ್ತು.

ಈಗ ನನ್ನ ಕಥೆ. ನನ್ನ ಹೆಂಡತಿ ಮಗಳ ಬಾಣಂತನಕ್ಕೆ ಶಿವಮೊಗ್ಗಕ್ಕೆ ಹೋಗಿದ್ದಾಗ ನನಗೆ ಜ್ವರ ಬಂತು. ಎರಡು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಫೋನು ಚಾರ್ಜಿಗೆ ಹಾಕಲೂ ಆಗಲಿಲ್ಲ. ಮೂರನೇ ದಿನ ಬೆಳಿಗ್ಗೆ ಬಾಗಿಲು ಬಡಿದವರು ಮೇಲಿನ ಮನೆ ಹುಡುಗ, ಅವನ ಹಿಂದೆ ನಮ್ಮ ಬೀದಿಗೆ ಬರುವ ಸೊಪ್ಪಿನಾಕೆ. ಗೇಟಿಗೆ ನೇತುಹಾಕಿದ ಚೀಲದಲ್ಲಿ ನಿನ್ನೆಯ ಹಾಲಿನ ಪ್ಯಾಕೆಟ್ ಹಾಗೇ ಇದ್ದದ್ದನ್ನು ಆಕೆ ನೋಡಿದ್ದರು. ಸಿಸಿಟಿವಿ ನಮ್ಮ ಬೀದಿಯಲ್ಲೂ ಇದೆ, ನಾಲ್ಕು. ಅವೂ ಆ ಪ್ಯಾಕೆಟ್ಟನ್ನು ನೋಡಿರಬೇಕು.

ಪ್ರಶ್ನೆ: ನಾನು ಮನೆಯಿಂದಲೇ ಕೆಲಸ ಮಾಡುತ್ತೇನೆ. ಡೆಲಿವರಿ ಹುಡುಗರೆಲ್ಲ ಬೀದಿಯ ಪಾರ್ಸೆಲ್ ನನ್ನ ಹತ್ತಿರ ಇಟ್ಟುಹೋಗುತ್ತಾರೆ. ಕಿರಿಕಿರಿ!
– ಐಟಿ ಉದ್ಯೋಗಿ, ಬನಶಂಕರಿ

ಉತ್ತರ: ಸಂಬಳ ಇಲ್ಲದ ಪೋಸ್ಟ್‌ಮಾಸ್ಟರ್ ಆಗಿದ್ದೀರಿ, ಅಭಿನಂದನೆ. ನಮ್ಮ ಕಾಲದಲ್ಲಿ ಹೀಗೆ ಇರಲಿಲ್ಲ. ರಿಜಿಸ್ಟರ್ಡ್ ಕಾಗದವನ್ನು ಪಕ್ಕದ ಮನೆಗೆ ಕೊಟ್ಟರೆ ಕೆಲಸಕ್ಕೇ ಸಂಚಕಾರ. 'ಬಾಗಿಲು ಹಾಕಿದೆ' ಅಂತ ಬರೆದು, ಚೀಟಿ ಬಿಟ್ಟು, ಮರುದಿನ ಮತ್ತೆ ಹೋಗುತ್ತಿದ್ದೆವು. ಆ ರಿಜಿಸ್ಟರ್ಡ್ ಪೋಸ್ಟ್ ಕೂಡ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಯಿತು. ನನಗಂತೂ ಮನೆಯಲ್ಲಿ ಯಾರೋ ಹೋದಷ್ಟು ಬೇಜಾರಾಯಿತು. ಇರಲಿ. ಸಂಜೆ ಆರರಿಂದ ಏಳರವರೆಗೆ ಮಾತ್ರ ಬಂದು ಒಯ್ಯಿರಿ ಅಂತ ಬಾಗಿಲಿಗೆ ಒಂದು ಚೀಟಿ ಅಂಟಿಸಿ. ಕಿರಿಕಿರಿ ಅರ್ಧ ಕಡಿಮೆಯಾಗುತ್ತದೆ. ಮಿಕ್ಕ ಅರ್ಧಕ್ಕೆ ಬಂದವರ ಹತ್ತಿರ ಕಾಫಿ ಕೇಳಿ.

ಪ್ರಶ್ನೆ: ಕಸ ತೆಗೆದುಕೊಂಡು ಹೋಗುವವರು ದೀಪಾವಳಿಗೆ ಇನಾಮು ಕೇಳುತ್ತಾರೆ. ಕೊಡಬೇಕಾ?
– ನಿವೃತ್ತ ಅಧಿಕಾರಿ, ವಿಜಯನಗರ

ಉತ್ತರ: ನಾನೂ ದೀಪಾವಳಿಗೆ ಇನಾಮು ತಗೊಂಡವನೇ. ಹಾಗಾಗಿ ನನ್ನ ತೀರ್ಪು ಒಂದೇ ಕಡೆಗೆ ವಾಲುತ್ತದೆ. ಕೊಡಿ. ಅದಕ್ಕಿಂತ ಮುಂಚೆ ಕಸ ಬೇರೆ ಮಾಡಿ ಕೊಡುತ್ತೀರಾ ಹೇಳಿ. 2015ರಲ್ಲಿ ಹೈಕೋರ್ಟ್ ಹೇಳಿದ ಎರಡು ಡಬ್ಬ, ಒಂದು ಚೀಲದ ಲೆಕ್ಕ ನೆನಪಿದೆಯಾ? ಹಸಿರು ಡಬ್ಬಕ್ಕೆ ಹಸಿ ಕಸ, ಕೆಂಪಿಗೆ ಪ್ಯಾಡು ಡೈಪರಿನಂಥದ್ದು, ಚೀಲಕ್ಕೆ ಒಣ ಕಸ. ನಾವು ಎಲ್ಲ ಒಟ್ಟಿಗೆ ಸುರಿದರೆ ಯಾರದೋ ಬರಿಗೈ ಅದನ್ನು ಬೇರೆ ಮಾಡಬೇಕು. ಒಡೆದ ಗಾಜನ್ನು ಪೇಪರಿನಲ್ಲಿ ಸುತ್ತಿ, ಬಾಯಲ್ಲಿ ಹೇಳಿ ಕೊಡಿ.

ಮತ್ತೆ, ಅವರ ಹೆಸರು ಕೇಳಿ. 34 ವರ್ಷ ನನ್ನ ಹೆಸರು 'ಪೋಸ್ಟ್'. 'ಅಮ್ಮಾ, ಪೋಸ್ಟ್ ಬಂದ್ರು' ಅಂತ ಮಕ್ಕಳು ಕೂಗುತ್ತಿದ್ದರು. ಹೆಸರು ಹಿಡಿದು ಕರೆಯುತ್ತಿದ್ದ ಮನೆಗಳು ಹನ್ನೊಂದು. ಎಣಿಸಿ ಇಟ್ಟುಕೊಂಡಿದ್ದೇನೆ, ಯಾವ ರಸ್ತೆ, ಎಷ್ಟನೇ ನಂಬರು ಅಂತ ಇವತ್ತೂ ಹೇಳಬಲ್ಲೆ.

ಪ್ರಶ್ನೆ: ಗಣೇಶನ ಪೆಂಡಾಲಿನ ಹುಡುಗರು ರಾತ್ರಿ ಎಲ್ಲ ಸ್ಪೀಕರ್ ಹಾಕುತ್ತಾರೆ. ಅಮ್ಮನಿಗೆ ಬಿ.ಪಿ. ಇದೆ. ಪೊಲೀಸರಿಗೆ ಹೇಳಲಾ?
– ಓದುಗ, ಶ್ರೀನಗರ

ಉತ್ತರ: ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ ಅಂತ 2000ದ ನಿಯಮವೇ ಇದೆ. ಹಬ್ಬಗಳಿಗೆ ಸರ್ಕಾರ ವರ್ಷದಲ್ಲಿ ಹದಿನೈದು ದಿನ ಮೀರದಂತೆ ವಿನಾಯಿತಿ ಕೊಡಬಹುದು, ಅದೂ ಮಧ್ಯರಾತ್ರಿ ತನಕ ಮಾತ್ರ. 112ಕ್ಕೆ ಫೋನ್ ಮಾಡುವ ಹಕ್ಕು ನಿಮಗಿದೆ. ಆದರೆ ಮುಂದಿನ ವರ್ಷ ಚಂದಾ ಕೇಳಲು ಬಂದಾಗಲೇ ಹುಡುಗರನ್ನು ಒಳಗೆ ಕರೆದು ಅಮ್ಮನ ಮುಂದೆ ಕೂರಿಸಿ. ಅಮ್ಮನೇ ಮಾತಾಡಲಿ. ಚಂದಾ ಮಾತ್ರ ಕೈ ಬಿಗಿ ಹಿಡಿಯದೆ ಕೊಡಿ.

ಪ್ರಶ್ನೆ: ಪಕ್ಕದ ಮನೆಯವರು ಗೌರಿ ಹಬ್ಬಕ್ಕೆ ಸ್ಟೀಲ್ ಡಬ್ಬಿಯಲ್ಲಿ ಒಬ್ಬಟ್ಟು ಕೊಟ್ಟಿದ್ದರು. ಮೂರು ತಿಂಗಳಾಯಿತು, ಡಬ್ಬಿ ವಾಪಸ್ ಕೊಟ್ಟಿಲ್ಲ. ಈಗ ಕೊಡಲು ನಾಚಿಕೆ.
– ಹೊಸದಾಗಿ ಮದುವೆಯಾದವಳು, ಹನುಮಂತನಗರ

ಉತ್ತರ: ಇವತ್ತೇ ಕೊಡಿ ಮಗಳೇ. ಖಾಲಿ ಡಬ್ಬಿ ಕೊಡಬಾರದು ಅಂತ ನಿಮಗೂ ಗೊತ್ತು. ಅಡುಗೆ ಚೆನ್ನಾಗಿ ಬರುವುದಿಲ್ಲ ಅಂತ ಕಾಯಬೇಡಿ, ಒಂದು ಚಮಚ ಸಕ್ಕರೆ ಸಾಕು. ಕಾರ್ತಿಕ ಮಾಸದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ ಬಂದರೆ ಬುಲ್ ಟೆಂಪಲ್ ರಸ್ತೆಯಿಂದ ಒಂದು ಸೇರು ತಂದು ತುಂಬಿ ಕೊಡಿ, ಇನ್ನೂ ಒಳ್ಳೆಯದು.

ತಡ ಮಾಡಬೇಡಿ ಅಂತ ಯಾಕೆ ಹೇಳಿದೆ ಅಂದರೆ, ನಮ್ಮ ಮನೆಯಲ್ಲೂ ಅಂಥದ್ದೊಂದು ಡಬ್ಬಿ ಇದೆ. ಪಾತ್ರೆ ಅಂಗಡಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಸುತ್ತಾರಲ್ಲ, ಹಾಗೆ ಮುಚ್ಚಳದ ಮೇಲೆ ಆ ಮನೆಯ ಇನಿಷಿಯಲ್ಲು ಇದೆ. ನಾಳೆ ಕೊಟ್ಟರಾಯಿತು ಅಂದುಕೊಳ್ಳುವಷ್ಟರಲ್ಲಿ ಅವರು ಮನೆ ಮಾರಿ ಮೈಸೂರಿಗೆ ಹೋದರು. ಆ ಜಾಗದಲ್ಲಿ ಈಗ ನಾಲ್ಕು ಅಂತಸ್ತು ಎದ್ದಿದೆ. ಡಬ್ಬಿಯಲ್ಲಿ ನನ್ನ ಹೆಂಡತಿ ಮೆಂತ್ಯ ಹಾಕಿಟ್ಟಿದ್ದಾಳೆ.