ಹಿಂದೆ ಐರ್ಲೆಂಡಿನ ಹಳ್ಳಿಮನೆಗಳಲ್ಲಿ ಹೆಂಗಸರು ಯಾವ ಕಸುಬಿನಿಂದ ಕಾಸು ಸಂಪಾದಿಸುತ್ತಿದ್ದರು?

ನೂಲುವುದು, ಹೆಣೆಯುವುದು, ಕೋಳಿ ಸಾಕುವುದು ಎಲ್ಲವೂ ಇತ್ತು. ಆದರೆ ದಕ್ಷಿಣದ ಕಾರ್ಕ್, ಕೆರ್ರಿ, ಲಿಮರಿಕ್ ಕಡೆ ದೊಡ್ಡ ಆದಾಯ ಅಂದರೆ ಬೆಣ್ಣೆ.

ಹಾಲನ್ನು ಅಗಲವಾದ ಪಾತ್ರೆಗಳಲ್ಲಿ ತಣ್ಣಗಿಟ್ಟು, ಮೇಲೆ ಕಟ್ಟಿದ ಕೆನೆ ತೆಗೆದು ಕೂಡಿಡುತ್ತಿದ್ದರು. ಅದು ಸ್ವಲ್ಪ ಹುಳಿಯಾದ ಮೇಲೆ ಎತ್ತರದ ಮರದ ಪೀಪಾಯಿಗೆ ಸುರಿದು ಕಡೆಯುತ್ತಿದ್ದರು. ನಮ್ಮ ಕಡಗೋಲಿನ ಹಾಗೆ ಹಗ್ಗ ಸುತ್ತಿ ತಿರುಗಿಸುವುದಲ್ಲ. ಮುಚ್ಚಳದ ತೂತಿನಲ್ಲಿ ಕೋಲು ಇಳಿಸಿ ಮೇಲೆ ಕೆಳಗೆ ಕುಟ್ಟುವುದು. ತೋಳು ಬಿದ್ದುಹೋಗುವಂಥ ಕೆಲಸ. ಆ ಹೊತ್ತಿಗೆ ಮನೆಗೆ ಬಂದವರು ಒಂದಷ್ಟು ಕಡೆದೇ ಹೋಗಬೇಕು, ಇಲ್ಲದಿದ್ದರೆ ಬೆಣ್ಣೆಯ ಅದೃಷ್ಟ ಅವರ ಹಿಂದೆಯೇ ಹೋಗುತ್ತದೆ ಎಂಬ ನಂಬಿಕೆ ಇತ್ತು. (ಕಡೆದು ಸುಸ್ತಾದ ಯಾವುದೋ ಹೆಂಗಸೇ ಇದನ್ನು ಹುಟ್ಟುಹಾಕಿರಬೇಕು, ಅಲ್ವಾ?)

ಬೆಣ್ಣೆಗೆ ಉಪ್ಪು ಬೆರೆಸಿ, ಪೀಪಾಯಿಯಲ್ಲಿ ತುಂಬಿ ಕಾರ್ಕ್ ಪೇಟೆಗೆ ಕಳಿಸುತ್ತಿದ್ದರು. ಅಲ್ಲಿ ಪರೀಕ್ಷಿಸಿ ದರ್ಜೆ ಹಾಕುತ್ತಿದ್ದರು. ಮುಂದೆ ಅದು ಹಡಗು ಹತ್ತಿ ವೆಸ್ಟ್ ಇಂಡೀಸ್‌ವರೆಗೂ ಹೋಗುತ್ತಿತ್ತು.

1889ರಲ್ಲಿ ಲಿಮರಿಕ್‌ನ ಡ್ರಮ್‌ಕಾಲಹರ್‌ನಲ್ಲಿ ಮೊದಲ ಸಹಕಾರಿ ಕ್ರೀಮರಿ, ಅಂದರೆ ಊರಿನ ಹಾಲನ್ನೆಲ್ಲ ಸೇರಿಸಿ ಯಂತ್ರದಿಂದ ಬೆಣ್ಣೆ ಮಾಡುವ ಕಾರ್ಖಾನೆ, ಶುರುವಾಯಿತು. ಆಮೇಲೆ ಹಾಲು ನೇರವಾಗಿ ಕ್ರೀಮರಿಗಳಿಗೆ ಹೋಗತೊಡಗಿತು. ಕೆಲಸವೇನೋ ಹಗುರವಾಯಿತು, ಆದರೆ ಹಾಲಿನ ದುಡ್ಡು ಹೆಚ್ಚಾಗಿ ಗಂಡಸರ ಕೈಗೆ ಸೇರಿತು. ಮೊಟ್ಟೆಯ ಕಾಸು ಮಾತ್ರ ಹೆಂಗಸರ ಬಳಿಯೇ ಉಳಿಯಿತು.