ಪುಲ್ ರಿಕ್ವೆಸ್ಟ್‌ಗಳು ತಾವಾಗಿಯೇ ಮರ್ಜ್ ಆಗುವಂತೆ ಮಾಡುವುದು ಹೇಗೆ? ಅದು ಸುರಕ್ಷಿತವೇ?

ನಿಮ್ಮ ತೊಂದರೆ ನನಗೆ ಅರ್ಥವಾದದ್ದು ಹೀಗೆ: ರಿವ್ಯೂ ಮುಗಿದು ಒಪ್ಪಿಗೆ ಸಿಕ್ಕಿರುವ ಪುಲ್ ರಿಕ್ವೆಸ್ಟ್‌ಗಳು (ನನ್ನ ಕೋಡ್ ಬದಲಾವಣೆಯನ್ನು ಮರ್ಜ್ ಮಾಡಿ, ಅಂದರೆ ಸೇರಿಸಿಕೊಳ್ಳಿ ಎಂಬ ಕೋರಿಕೆಗಳು) ಕೂಡ, ಟೆಸ್ಟ್ ಮುಗಿಯುವ ಹೊತ್ತಿಗೆ ಬಟನ್ ಒತ್ತಲು ಯಾರೂ ಇಲ್ಲದೆ ಗಂಟೆಗಟ್ಟಲೆ ಬಿದ್ದಿರುತ್ತವೆ. ಆ ಕೆಲಸವನ್ನು ಯಂತ್ರಕ್ಕೆ ಬಿಡಬೇಕು, ಆದರೆ ಎಲ್ಲರ ಕೋಡ್ ಬಂದು ಸೇರುವ ಮೇನ್ ಬ್ರಾಂಚ್ ಕೆಡಬಾರದು. ಕೋಡ್ ಇಡಲು ನೀವು ಗಿಟ್‌ಹಬ್ ತಾಣ ಬಳಸುತ್ತಿರುವುದಾಗಿ ತಿಳಿಸಿರುವುದರಿಂದ ಅದನ್ನೇ ಇಟ್ಟುಕೊಂಡು ಬರೆಯುತ್ತೇನೆ.

ಆಟೋ-ಮರ್ಜ್ ಚಾಲೂ ಮಾಡುವುದು ಎರಡು ನಿಮಿಷದ ಕೆಲಸ. ರೆಪೊಸಿಟರಿಯ (ಕೋಡ್ ಸಂಗ್ರಹದ) ಸೆಟ್ಟಿಂಗ್ಸ್‌ನಲ್ಲಿ ‘ಅಲೋ ಆಟೋ-ಮರ್ಜ್’ ಎಂಬ ಆಯ್ಕೆಗೆ ಗುರುತು ಹಾಕಿದರೆ ಸಾಕು. ಆದರೆ ಈ ಸೌಲಭ್ಯಕ್ಕೆ ತನ್ನದೇ ಆದ ವಿವೇಚನೆಯಿಲ್ಲ ಎಂಬುದನ್ನು ಮೊದಲೇ ತಿಳಿದಿರಬೇಕು. ಬ್ರಾಂಚ್‌ಗೆ ಕೋಡ್ ಸೇರಲು ಏನೇನು ಆಗಿರಬೇಕೆಂದು ಹೇಳುವ ಬ್ರಾಂಚ್ ಪ್ರೊಟೆಕ್ಷನ್ ನಿಯಮದಲ್ಲಿ ನೀವು ಯಾವುದನ್ನು ಕಡ್ಡಾಯವೆಂದು ಬರೆದಿರುತ್ತೀರೋ ಅದಕ್ಕಾಗಿ ಮಾತ್ರ ಅದು ಕಾಯುತ್ತದೆ, ಉಳಿದದ್ದು ಅದರ ಲೆಕ್ಕಕ್ಕೇ ಬರುವುದಿಲ್ಲ.

ಈ ಪಾಠವನ್ನು ನಾನು ಕಲಿತದ್ದು ಪೆಟ್ಟು ತಿಂದೇ. ನಮ್ಮ ತಂಡದ ಒಂದು ರೆಪೊಸಿಟರಿಯಲ್ಲಿ, ಗಿಟ್‌ಹಬ್‌ನ ಕಮಾಂಡ್ ಲೈನ್ ಉಪಕರಣದಿಂದ ಆಟೋ-ಮರ್ಜ್ ಹಚ್ಚುವ ಒಂದು ವರ್ಕ್‌ಫ್ಲೋ (ತಾನಾಗಿಯೇ ಓಡುವ ಕೆಲಸಗಳ ಪಟ್ಟಿ) ಬರೆದಿದ್ದೆ. ಟೆಸ್ಟ್‌ಗಳು ಇದ್ದವು, ಪ್ರತಿ ಪುಲ್ ರಿಕ್ವೆಸ್ಟ್‌ಗೂ ಓಡುತ್ತಿದ್ದವು, ಆದರೆ ಅವುಗಳನ್ನು ಕಡ್ಡಾಯವೆಂದು ಗುರುತಿಸುವುದನ್ನು ಮರೆತಿದ್ದೆ. ಯಾವ ಷರತ್ತೂ ಬಾಕಿ ಇಲ್ಲವೆಂದು ಕಂಡುಬಂದರೆ ಆ ಉಪಕರಣ ಕಾಯದೆ ಆ ಕ್ಷಣದಲ್ಲೇ ಮರ್ಜ್ ಮಾಡಿಬಿಡುತ್ತದೆ. ಟೆಸ್ಟ್‌ನ ಹಳದಿ ಚುಕ್ಕೆ ಇನ್ನೂ ಸುತ್ತುತ್ತಿರುವಾಗಲೇ ಕೋಡ್ ಮೇನ್‌ಗೆ ಸೇರಿಹೋಗಿತ್ತು, ಅದು ಕೆಂಪಾದದ್ದು ಆಮೇಲೆ.

ಆದ್ದರಿಂದ ಮೊದಲು ನಿಯಮ, ಆಮೇಲೆ ಸ್ವಿಚ್ಚು. ಟೆಸ್ಟ್‌ನಂಥ ಯಾವ ಚೆಕ್‌ಗಳು ಪಾಸಾಗಲೇಬೇಕು, ಎಷ್ಟು ಜನರ ಒಪ್ಪಿಗೆ ಬೇಕು, ಒಪ್ಪಿಗೆಯ ನಂತರ ಹೊಸ ಕಮಿಟ್ (ಕೋಡ್ ಬದಲಾವಣೆ) ಬಂದರೆ ಹಳೆಯ ಒಪ್ಪಿಗೆ ರದ್ದಾಗಬೇಕೇ ಎಂಬುದನ್ನು ತೀರ್ಮಾನಿಸಿಕೊಳ್ಳಿ. ಕೊನೆಯದಕ್ಕೆ ನನ್ನ ಉತ್ತರ ಯಾವಾಗಲೂ ‘ಹೌದು’. ಬಟನ್ ಒತ್ತುವ ಮುನ್ನ ಕೊನೆಯ ಬಾರಿ ಕಣ್ಣಾಡಿಸುವ ಮನುಷ್ಯನನ್ನೇ ನಾವು ತೆಗೆದುಹಾಕುತ್ತಿದ್ದೇವಲ್ಲ.

ಕಡ್ಡಾಯ ಚೆಕ್‌ಗಳಲ್ಲಿ ಒಂದು ಸಣ್ಣ ಸಿಕ್ಕು ಇದೆ. ಗಿಟ್‌ಹಬ್ ಅವುಗಳನ್ನು ಗುರುತಿಸುವುದು ಹೆಸರಿನಿಂದ. ನಾಳೆ ಯಾರಾದರೂ ಚೆಕ್ ನಡೆಸುವ ಜಾಬ್‌ನ (ವರ್ಕ್‌ಫ್ಲೋದೊಳಗಿನ ಒಂದು ಕೆಲಸದ) ಹೆಸರು ಬದಲಿಸಿದರೆ, ಹಳೆಯ ಹೆಸರಿನ ಫಲಿತಾಂಶ ಎಂದಿಗೂ ಬಾರದೆ ಎಲ್ಲ ಪುಲ್ ರಿಕ್ವೆಸ್ಟ್‌ಗಳೂ ಅಲ್ಲೇ ನಿಲ್ಲುತ್ತವೆ. ಇದನ್ನು ತಪ್ಪಿಸಲು, ಉಳಿದೆಲ್ಲ ಜಾಬ್‌ಗಳು ಮುಗಿದ ಮೇಲೆ ಓಡುವ ಒಂದೇ ಒಂದು ಕೊನೆಯ ಜಾಬ್ ಬರೆದು, ಅದನ್ನು ಮಾತ್ರ ಕಡ್ಡಾಯ ಮಾಡುವುದು ವಾಡಿಕೆ. ಆದರೆ ಇಲ್ಲಿ ಎಚ್ಚರ ತಪ್ಪಬಾರದು: ಹಿಂದಿನ ಜಾಬ್ ಫೇಲಾದರೆ ಈ ಕೊನೆಯ ಜಾಬ್ ಓಡದೆ ‘ಸ್ಕಿಪ್’ ಆಗುತ್ತದೆ, ಮತ್ತು ಸ್ಕಿಪ್ ಆದ ಜಾಬನ್ನು ಗಿಟ್‌ಹಬ್ ಪಾಸಾಗಿದೆ ಎಂದೇ ಪರಿಗಣಿಸುತ್ತದೆ. ಹಾಗಾಗಿ ಅದು ಯಾವ ಸ್ಥಿತಿಯಲ್ಲೂ ಓಡಲೇಬೇಕೆಂಬ ಷರತ್ತು ಹಾಕಿ, ಅದರೊಳಗೆ ಉಳಿದವುಗಳ ಫಲಿತಾಂಶವನ್ನು ಒಂದೊಂದಾಗಿ ಪರೀಕ್ಷಿಸಬೇಕು.

ಇಷ್ಟಾದರೂ ಮೇನ್ ಕೆಡಬಹುದು. ನೀವು ಒಂದು ಪುಲ್ ರಿಕ್ವೆಸ್ಟ್‌ನಲ್ಲಿ ‘ಗೆಟ್‌ಯೂಸರ್’ ಎಂಬ ಫಂಕ್ಷನ್‌ನ ಹೆಸರನ್ನು ‘ಫೈಂಡ್‌ಯೂಸರ್’ ಎಂದು ಬದಲಿಸಿ, ಅದನ್ನು ಕರೆಯುವ ಕಡೆಗಳನ್ನೆಲ್ಲ ತಿದ್ದುತ್ತೀರಿ. ಅದೇ ದಿನ ನಿಮ್ಮ ಸಹೋದ್ಯೋಗಿ ಬೇರೊಂದು ಫೈಲ್‌ನಲ್ಲಿ ‘ಗೆಟ್‌ಯೂಸರ್’ ಅನ್ನು ಹೊಸದಾಗಿ ಕರೆಯುತ್ತಾರೆ. ಎರಡರಲ್ಲೂ ಟೆಸ್ಟ್ ಹಸಿರು. ಇಬ್ಬರೂ ಒಂದೇ ಸಾಲನ್ನು ಮುಟ್ಟಿಲ್ಲವಾದ್ದರಿಂದ ಬದಲಾವಣೆಗಳನ್ನು ಜೋಡಿಸುವ ಗಿಟ್‌ಗೆ ಯಾವ ಕಾನ್‌ಫ್ಲಿಕ್ಟೂ (ಘರ್ಷಣೆಯೂ) ಕಾಣುವುದಿಲ್ಲ, ಆದರೆ ಎರಡೂ ಸೇರಿದ ಮೇಲೆ ಬಿಲ್ಡ್ ಮುರಿಯುತ್ತದೆ. ಬ್ರಾಂಚ್ ಮೇನ್‌ಗೆ ಸರಿಸಮವಾಗಿರಲೇಬೇಕೆಂಬ ನಿಯಮ ಹಾಕಿದರೆ ಇದು ತಪ್ಪುತ್ತದೆ ನಿಜ, ಆದರೆ ಒಂದು ಮರ್ಜ್ ಆದೊಡನೆ ಉಳಿದವೆಲ್ಲ ಹಿಂದೆ ಬಿದ್ದು ಮತ್ತೆ ಅಪ್‌ಡೇಟ್, ಮತ್ತೆ ಟೆಸ್ಟ್ ಎಂದು ಸುತ್ತಬೇಕಾಗುತ್ತದೆ.

ಇದಕ್ಕೆ ಸರಿಯಾದ ಪರಿಹಾರ ಮರ್ಜ್ ಕ್ಯೂ, ಅಂದರೆ ಮರ್ಜ್‌ಗಾಗಿ ಒಂದು ಸರದಿ ಸಾಲು. ಮೇನ್, ಅದರ ಮೇಲೆ ಕ್ಯೂನಲ್ಲಿ ಮುಂದಿರುವ ಬದಲಾವಣೆಗಳು, ಅವುಗಳ ಮೇಲೆ ನಿಮ್ಮದು, ಹೀಗೆ ಜೋಡಿಸಿದ ತಾತ್ಕಾಲಿಕ ಬ್ರಾಂಚ್‌ನಲ್ಲಿ ಟೆಸ್ಟ್ ಓಡಿಸಿ, ಪಾಸಾದರೆ ಮಾತ್ರ ಮೇನ್‌ಗೆ ಸೇರಿಸುತ್ತದೆ. ಫೇಲಾದದ್ದನ್ನು ಕ್ಯೂನಿಂದ ಹೊರಹಾಕುತ್ತದೆ. ಸೇರಿದ ನಂತರದ ರೂಪವನ್ನು ಮೊದಲೇ ಪರೀಕ್ಷಿಸುವ ಈ ಕ್ರಮವನ್ನು ರಸ್ಟ್ ಭಾಷೆಯ ತಂಡ ಬಾರ್ಸ್ ಎಂಬ ಬಾಟ್ ಮೂಲಕ ಬಹಳ ಹಿಂದೆಯೇ ಪಾಲಿಸುತ್ತಿತ್ತು. ಗಿಟ್‌ಹಬ್‌ನಲ್ಲಿ ಇದು 2023ರ ಜುಲೈನಲ್ಲಿ ಸಾರ್ವತ್ರಿಕ ಬಳಕೆಗೆ ಬಂತು. ಗಿಟ್‌ಹಬ್‌ನಂಥದೇ ತಾಣವಾದ ಗಿಟ್‌ಲ್ಯಾಬ್‌ನಲ್ಲಿ ಇದೇ ಬಗೆಯದಕ್ಕೆ ಮರ್ಜ್ ಟ್ರೇನ್ ಎನ್ನುತ್ತಾರೆ. ಕ್ಯೂ ಹಾಕಿದ ಮೇಲೆ ನಿಮ್ಮ ವರ್ಕ್‌ಫ್ಲೋ ಪುಲ್ ರಿಕ್ವೆಸ್ಟ್‌ಗೆ ಮಾತ್ರವಲ್ಲದೆ ಮರ್ಜ್ ಗ್ರೂಪ್ ಎಂಬ ಇವೆಂಟ್‌ಗೂ ಓಡುವಂತೆ ಒಂದು ಸಾಲು ಸೇರಿಸಲೇಬೇಕು. ಅದಿಲ್ಲದಿದ್ದರೆ ಕ್ಯೂ ಬಾರದ ಫಲಿತಾಂಶಕ್ಕೆ ಕಾದು ಕಾದು ನಿಮ್ಮ ಬದಲಾವಣೆಯನ್ನು ಹೊರದಬ್ಬುತ್ತದೆ. ದಿನಕ್ಕೆ ಎರಡು ಮೂರು ಮರ್ಜ್ ಆಗುವ ಪುಟ್ಟ ತಂಡಕ್ಕೆ ಇಷ್ಟೆಲ್ಲ ಬೇಕಿಲ್ಲ, ಬರೀ ಆಟೋ-ಮರ್ಜ್ ಸಾಕು ಎಂಬುದು ನನ್ನ ಅಭಿಪ್ರಾಯ.

ನಿಮ್ಮ ಕೋಡ್ ಬಳಸುವ ಹೊರಗಿನ ಪ್ಯಾಕೇಜ್‌ಗಳ ಹೊಸ ಆವೃತ್ತಿಗಳಿಗಾಗಿ ತಾನೇ ಪುಲ್ ರಿಕ್ವೆಸ್ಟ್ ತೆರೆಯುವ ಡಿಪೆಂಡಾಬಾಟ್ ಎಂಬ ಬಾಟ್ ತರುವ ಅಪ್‌ಡೇಟ್‌ಗಳನ್ನೂ ಹೀಗೇ ಬಿಡಬಹುದೇ ಎಂದು ಕೇಳಿದ್ದೀರಿ. ಪ್ಯಾಚ್ ಮಟ್ಟದ (ಸಣ್ಣ ದೋಷ ತಿದ್ದುವ) ಅಪ್‌ಡೇಟ್‌ಗಳನ್ನು, ಅದೂ ಬಿಡುಗಡೆಯಾಗಿ ಕೆಲವು ದಿನ ಕಳೆದ ಮೇಲೆ, ಬಿಡಬಹುದು. 2018ರಲ್ಲಿ ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳ ಭಂಡಾರವಾದ ಎನ್‌ಪಿಎಂನಲ್ಲಿದ್ದ ಇವೆಂಟ್-ಸ್ಟ್ರೀಮ್ ಎಂಬ ಪ್ಯಾಕೇಜ್‌ನ ಹೊಸ ನಿರ್ವಾಹಕರು ಅದರೊಳಗೆ ಕ್ರಿಪ್ಟೊ ಹಣ ಕದಿಯುವ ಕೋಡ್ ಇದ್ದ ಇನ್ನೊಂದು ಪ್ಯಾಕೇಜ್ ಸೇರಿಸಿದ್ದರು. ಅಂಥದ್ದನ್ನು ಹಿಡಿಯುವ ಶಕ್ತಿ ನಿಮ್ಮ ಟೆಸ್ಟ್‌ಗಳಿಗೆ ಇರುವುದಿಲ್ಲ.

ಇನ್ನೊಂದು ಮಾತು. ವರ್ಕ್‌ಫ್ಲೋಗಳನ್ನು ಓಡಿಸುವ ಗಿಟ್‌ಹಬ್ ಆಕ್ಷನ್ಸ್ ತಾನೇ ಕೊಡುವ ಟೋಕನ್‌ನಿಂದ (ಅನುಮತಿ ಕೀಲಿಯಿಂದ) ಮರ್ಜ್ ಮಾಡಿಸಿದರೆ, ಆ ಮರ್ಜ್‌ನಿಂದ ಆಗುವ ಪುಶ್ ಬೇರೆ ವರ್ಕ್‌ಫ್ಲೋಗಳನ್ನು ಎಬ್ಬಿಸುವುದಿಲ್ಲ. ಮೇನ್‌ಗೆ ಪುಶ್ ಆದೊಡನೆ ಡಿಪ್ಲಾಯ್ ಆಗುವ (ಹೊಸ ಕೋಡ್ ನಿಜವಾದ ಬಳಕೆಗೆ ಬರುವ) ವ್ಯವಸ್ಥೆ ನಿಮ್ಮಲ್ಲಿದ್ದರೆ, ಕೋಡ್ ಸೇರಿದರೂ ಡಿಪ್ಲಾಯ್ ಆಗದೆ ಕಾರಣ ಹುಡುಕುತ್ತಾ ಕೂರಬೇಕಾಗುತ್ತದೆ. ಇದಕ್ಕಾಗಿ ಒಂದು ಗಿಟ್‌ಹಬ್ ಆ್ಯಪ್ ಮಾಡಿಕೊಂಡು, ಈ ರೆಪೊಸಿಟರಿಗೆ ಮಾತ್ರ ಸೀಮಿತವಾದ ಅನುಮತಿ ಕೊಟ್ಟು, ಅದರ ಟೋಕನ್ ಬಳಸಿ.