ಅಡ್ರಿನಲ್ ಅಥವಾ ಥೈರಾಯ್ಡ್ ತೊಂದರೆ ಇರುವವರು ಪೊಟ್ಯಾಸಿಯಂ ಮಾತ್ರೆ ತೆಗೆದುಕೊಳ್ಳಬಹುದೇ?

ರಕ್ತಪರೀಕ್ಷೆ ಮತ್ತು ವೈದ್ಯರ ಸಲಹೆಯಿಲ್ಲದೆ ತೆಗೆದುಕೊಳ್ಳಬಾರದು; ಅಡಿಸನ್ ಕಾಯಿಲೆ (ಅಡ್ರಿನಲ್ ಗ್ರಂಥಿಗಳು ಸಾಕಷ್ಟು ಹಾರ್ಮೋನು ಸ್ರವಿಸದ ಸ್ಥಿತಿ) ಇರುವವರಿಗಂತೂ ಅದು ಪ್ರಾಣಕ್ಕೇ ಕುತ್ತು ತರಬಹುದು.

ಅಡ್ರಿನಲ್ ಗ್ರಂಥಿ ಸ್ರವಿಸುವ ಆಲ್ಡೊಸ್ಟಿರೋನ್ ಎಂಬ ಹಾರ್ಮೋನಿನ ಪ್ರಭಾವದಿಂದ ಮೂತ್ರಪಿಂಡಗಳು ಸೋಡಿಯಂ ಅನ್ನು ಉಳಿಸಿಕೊಂಡು, ಹೆಚ್ಚಾದ ಪೊಟ್ಯಾಸಿಯಂ ಅನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಅಡಿಸನ್ ಕಾಯಿಲೆಯಲ್ಲಿ ಈ ಹಾರ್ಮೋನು ಸಾಲದೆ ಬರುವುದರಿಂದ ಪೊಟ್ಯಾಸಿಯಂ ರಕ್ತದಲ್ಲೇ ಉಳಿದು, ಸಾಮಾನ್ಯ ಮಟ್ಟವಾದ ಲೀಟರಿಗೆ ಸುಮಾರು 3.5ರಿಂದ 5 ಮಿಲಿಮೋಲ್ ಅನ್ನು ದಾಟಿದರೆ ಹೃದಯದ ಬಡಿತ ಏರುಪೇರಾಗುವ ಅಪಾಯವಿದೆ. ಮಾತ್ರೆಯನ್ನು ಬಿಟ್ಟವರೂ ಗಮನಿಸದಿರುವ ಸಂಗತಿಯೊಂದಿದೆ: ‘ಕಡಿಮೆ ಸೋಡಿಯಂ’ ಉಪ್ಪಿನಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಕ್ಲೋರೈಡ್ ಬೆರೆತಿರುತ್ತದೆ. ಆಲ್ಡೊಸ್ಟಿರೋನ್ ಅತಿಯಾಗಿ ಸ್ರವಿಸುವವರಲ್ಲಿ ಅಡಿಸನ್ ಕಾಯಿಲೆಗೆ ತದ್ವಿರುದ್ಧವಾಗಿ ಪೊಟ್ಯಾಸಿಯಂ ಸೋರಿಹೋಗುವುದರಿಂದ, ವೈದ್ಯರೇ ಪೊಟ್ಯಾಸಿಯಂ ಮಾತ್ರೆ ಬರೆದುಕೊಡುವುದುಂಟು.

ಥೈರಾಯ್ಡ್ ಹಾರ್ಮೋನಿನ ಕೊರತೆಯೊಂದೇ ಇದ್ದರೆ ಈ ಮಾತ್ರೆ ಸಾಮಾನ್ಯವಾಗಿ ಅನವಶ್ಯಕ. ಆ ಹಾರ್ಮೋನು ಅತಿಯಾದ ಕೆಲವರಲ್ಲಿ ಮಾತ್ರ, ಅಪರೂಪಕ್ಕೆ, ಭಾರೀ ಊಟದ ಅಥವಾ ಶ್ರಮದ ನಂತರ ಕೈಕಾಲುಗಳು ಹಠಾತ್ತನೆ ಬಲಗುಂದುತ್ತವೆ. ಆಗ ರಕ್ತದ ಪೊಟ್ಯಾಸಿಯಂ ಜೀವಕೋಶಗಳೊಳಗೆ ಸರಿದಿರುತ್ತದೆಯೇ ಹೊರತು ದೇಹದಿಂದ ನಷ್ಟವಾಗಿರುವುದಿಲ್ಲ. ಆದ್ದರಿಂದ ಪೊಟ್ಯಾಸಿಯಂ ಧಾರಾಳವಾಗಿ ಕೊಟ್ಟರೆ, ಒಳಸರಿದದ್ದು ರಕ್ತಕ್ಕೆ ಹಿಂತಿರುಗಿದಾಗ ಮಟ್ಟ ಮಿತಿಮೀರಬಹುದು.